ಸೌಟಿಗೆಷ್ಟು ಪಾಯಿಂಟು? ಮನೆ ಊಟ ಬಿಡದೆ ತೂಕ ಇಳಿಸುವ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರೂ ಅಲ್ಲ, ಡಯಟೀಶಿಯನ್ನೂ ಅಲ್ಲ. 2 ಮಕ್ಕಳು, ಗಂಡ, ಅತ್ತೆ, ಒಂದು ಆಫೀಸು, ಇಷ್ಟರ ನಡುವೆ 78 ಕೆ.ಜಿ. ಇದ್ದವಳು 11 ತಿಂಗಳಲ್ಲಿ 69ಕ್ಕೆ ಬಂದಿದ್ದೇನೆ. ಎತ್ತರ 158 ಸೆಂಟಿಮೀಟರ್. 11 ತಿಂಗಳಿಗೆ ಬರೀ 9 ಕೆ.ಜಿ.ನಾ ಅಂತ ಮೂಗು ಮುರಿಯಬೇಡಿ. ಅದಕ್ಕೂ ಮುಂಚೆ ಅನ್ನ ಪೂರ್ತಿ ಬಿಟ್ಟು ಒಂದೇ ತಿಂಗಳಲ್ಲಿ 5 ಕೆ.ಜಿ. ಇಳಿಸಿ, ಗೌರಿ ಹಬ್ಬದಿಂದ ದೀಪಾವಳಿ ಬರುವಷ್ಟರಲ್ಲಿ 6 ಕೆ.ಜಿ. ಏರಿಸಿಕೊಂಡವಳೂ ನಾನೇ. ಹಾಲಿಗೆ ಕಲಸಿ ಕುಡಿಯುವ ಪುಡಿಗೂ ದುಡ್ಡು ಸುರಿದಿದ್ದೇನೆ. ಡಬ್ಬ ಚೆನ್ನಾಗಿತ್ತು, ಈಗ ಅದರಲ್ಲಿ ಹುಣಸೆಹಣ್ಣು ಇಟ್ಟಿದ್ದೇನೆ.

ಈ ಸಲ ಕೈ ಹಿಡಿದದ್ದು ಪಾಯಿಂಟ್ ಲೆಕ್ಕ, ಅಂದರೆ ತಿಂದದ್ದಕ್ಕೆಲ್ಲ ಇಷ್ಟಿಷ್ಟು ಅಂತ ಅಂಕ ಹಾಕಿ ಕೂಡಿಸುವುದು. ಇದು ಅಮೆರಿಕದ ಕಥೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನೈಡೆಚ್ ಅಂತ ಒಬ್ಬ ಗೃಹಿಣಿ, ಕದ್ದು ಬಿಸ್ಕತ್ತು ತಿನ್ನುವ ಚಟ ಬಿಡೋಕಾಗದೆ 1961ರಲ್ಲಿ ಗೆಳತಿಯರನ್ನು ಮನೆಗೆ ಕರೆದು ಮಾತಿಗೆ ಕೂತರು. ಆ ಕೂಟವೇ 1963ರಲ್ಲಿ ತೂಕ ಇಳಿಸೋರಿಗಾಗಿ ವೇಟ್ ವಾಚರ್ಸ್ ಅನ್ನುವ ಕಂಪನಿ ಆಯಿತು. ಪಾಯಿಂಟ್ ಬಂದದ್ದು ತುಂಬಾ ಆಮೇಲೆ, 1990ರ ದಶಕದಲ್ಲಿ. ಮೊದಲ ಸೂತ್ರ ಸುಲಭದ್ದು: ಕ್ಯಾಲರಿಯನ್ನು 50ರಿಂದ ಭಾಗಿಸಿ, ಕೊಬ್ಬಿನ ಗ್ರಾಮನ್ನು 12ರಿಂದ ಭಾಗಿಸಿ ಅದಕ್ಕೆ ಕೂಡಿಸಿ, ನಾರಿನ ಗ್ರಾಮನ್ನು 5ರಿಂದ ಭಾಗಿಸಿ ಕಳೆಯಿರಿ. ನಾರು ಎಷ್ಟೇ ಇದ್ದರೂ 4 ಗ್ರಾಂವರೆಗೆ ಮಾತ್ರ ಲೆಕ್ಕ. ಆಮೇಲೆ ಸೂತ್ರ ಎಷ್ಟೋ ಸಲ ಬದಲಾಯಿತು, 2018ರಲ್ಲಿ ಕಂಪನಿಯ ಹೆಸರೂ ಡಬ್ಲ್ಯೂ ಡಬ್ಲ್ಯೂ ಅಂತ ಚಿಕ್ಕದಾಯಿತು. ಅದೆಲ್ಲ ನಮಗೆ ಬೇಡ. ನಮಗೆ ಬೇಕಾದದ್ದು ಆ 50 ಮಾತ್ರ.

50 ಕ್ಯಾಲರಿಗೆ 1 ಪಾಯಿಂಟ್. ಅಷ್ಟೇ.

ಕ್ಯಾಲರಿಯನ್ನೇ ಬರೆದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ. ಆದರೆ 137, 264, 88 ಅಂತ ಬರೆಯುತ್ತಾ ಕೂತರೆ ನಾಲ್ಕನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ, ನನ್ನದು ಸೇರಿತ್ತು. ಪಾಯಿಂಟ್ ಆದರೆ 3, 5, 2 ಅಂತ ಒಗ್ಗರಣೆ ಹಾಕುತ್ತಲೇ ಬಾಯಲ್ಲಿ ಕೂಡಿಸಬಹುದು. ಅರ್ಧ ಪಾಯಿಂಟ್ ಇರಲಿ, ಅದಕ್ಕಿಂತ ಸಣ್ಣದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ವಾರ ಏನೂ ಬಿಡಬೇಡಿ

ಮೊದಲ 7 ದಿನ ಡಯಟ್ ಇಲ್ಲ. ಯಾವಾಗಲೂ ತಿನ್ನುವುದನ್ನೇ ತಿನ್ನಿ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಒಲೆ ಪಕ್ಕದಲ್ಲಿ ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ನೇತುಹಾಕಿ, ಪೆನ್ನಿಗೂ ದಾರ ಕಟ್ಟಿ, ಇಲ್ಲದಿದ್ದರೆ ಮಕ್ಕಳು ಪೆನ್ನು ಎತ್ತಿಕೊಂಡು ಹೋಗುತ್ತಾರೆ. ಮೊಬೈಲಿನಲ್ಲಿ ಬರೆಯೋರು ಬರೆಯಬಹುದು, ಹಿಟ್ಟಿನ ಕೈಯಲ್ಲಿ ನನಗೆ ಆಗಲಿಲ್ಲ.

ನನಗೆ ಗೊತ್ತಾದದ್ದು ಇಷ್ಟು. ತಟ್ಟೆಯಲ್ಲಿ ಬಡಿಸಿಕೊಳ್ಳುವ ಊಟ ನನ್ನ ಸಮಸ್ಯೆಯೇ ಆಗಿರಲಿಲ್ಲ. ಮಗ ಬಿಟ್ಟ ಅರ್ಧ ದೋಸೆ, "ಅಯ್ಯೋ ದಂಡ ಆಗುತ್ತೆ" ಅಂತ ಪಾತ್ರೆ ತಳದಿಂದ ಬಳಿದು ತಿಂದ ಚಿತ್ರಾನ್ನ, ಉಪ್ಪು ಸರಿ ಇದೆಯಾ ಅಂತ 3 ಸಲ ನೋಡಿದ ಪಲ್ಯ, ಸೀರಿಯಲ್ ಹೊತ್ತಿಗೆ ಡಬ್ಬದಿಂದ ಹಿಡಿ ಹಿಡಿ ಮಿಕ್ಸ್ಚರ್, ಇವೆಲ್ಲ ಸೇರಿ ದಿನಕ್ಕೆ 7-8 ಪಾಯಿಂಟ್ ಆಗುತ್ತಿತ್ತು. ನಿಂತುಕೊಂಡು ತಿಂದದ್ದು ಲೆಕ್ಕಕ್ಕಿಲ್ಲ ಅಂತ ಅಂದುಕೊಂಡಿದ್ದೆ. ಹೊಟ್ಟೆಗೆ ನಿಂತದ್ದೂ ಒಂದೇ, ಕೂತದ್ದೂ ಒಂದೇ. ನಿಮ್ಮದು ಬೇರೆ ಕಡೆ ಸೋರುತ್ತಿರಬಹುದು, ಆಫೀಸಿನ ಮೂರನೇ ಕಾಫಿ, ಶನಿವಾರದ ಬಿಯರ್, ರಾತ್ರಿ 11ಕ್ಕೆ ಫ್ರಿಜ್ ಬಾಗಿಲು. ಆ ತೂತು ಎಲ್ಲಿದೆ ಅಂತ ನೋಡಿಕೊಳ್ಳೋದಕ್ಕೇ ಈ ವಾರ.

ಸೌಟನ್ನು ತೂಗಿ

ಅಡಿಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದುಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದಿನಾ ತೂಗುವುದಕ್ಕಲ್ಲ, ಒಂದು ಭಾನುವಾರ ಕೂತು ನಿಮ್ಮ ಮನೆ ಪಾತ್ರೆಗಳ ಅಳತೆ ಹಿಡಿಯೋದಕ್ಕೆ. ಪುಸ್ತಕದಲ್ಲಿರುವ "ಒಂದು ಕಪ್" ನಿಮ್ಮ ಮನೆ ಕಪ್ ಅಲ್ಲ. ನಮ್ಮನೆ ಅನ್ನದ ಸೌಟಿಗೆ ಸರಿಯಾಗಿ 100 ಗ್ರಾಂ ಅನ್ನ ಹಿಡಿಯುತ್ತದೆ, ಅಂದರೆ 130 ಕ್ಯಾಲರಿ ಹತ್ತಿರ, ಎರಡೂವರೆ ಪಾಯಿಂಟ್. ಅಕ್ಕನ ಮನೆಯದಕ್ಕೆ 150 ಹಿಡಿಯುತ್ತದೆ. ಇಬ್ಬರೂ "ಎರಡೇ ಸೌಟು" ತಿಂದೆವು ಅಂತ ಹೇಳುತ್ತಿದ್ದೆವು!

ನನ್ನ ಪುಸ್ತಕದ ಮೊದಲ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ, ನಿಮ್ಮ ಅಳತೆಗೆ ತಿದ್ದಿಕೊಳ್ಳಿ. 60 ಗ್ರಾಂ ಹಿಟ್ಟಿನ ರಾಗಿ ಮುದ್ದೆ 4. ಎಣ್ಣೆ ಹಾಕದ ಚಪಾತಿ 2, ಎಣ್ಣೆ ಸವರಿದರೆ 3. ಜೋಳದ ರೊಟ್ಟಿ ಮೂರೂವರೆ. ಅಕ್ಕಿ ರೊಟ್ಟಿ ಮಾತ್ರ ಏಳೂವರೆ, ಹಿಟ್ಟೂ ಜಾಸ್ತಿ, ಬಾಣಲೆಗೆ ಬಿಡುವ ಎಣ್ಣೆಯೂ ಜಾಸ್ತಿ. ಮನೆ ಇಡ್ಲಿ 1, ಹೋಟೆಲ್ ಇಡ್ಲಿ ಒಂದೂವರೆ, ಉದ್ದಿನ ವಡೆ 3. ಉಪ್ಪಿಟ್ಟು ಒಂದು ಬಟ್ಟಲು 6. ಹೋಟೆಲ್ ಮಸಾಲೆ ದೋಸೆ 8 ಅಂತ ಹಾಕಿಕೊಳ್ಳಿ, ದಾವಣಗೆರೆ ಬೆಣ್ಣೆ ದೋಸೆ ಆದರೆ ವಾದ ಮಾಡದೆ 10 ಬರೆದು ಖುಷಿಯಾಗಿ ತಿನ್ನಿ. ಮೊಟ್ಟೆ ಒಂದೂವರೆ. ಮೂಳೆ ಇಲ್ಲದ ಕೋಳಿ 100 ಗ್ರಾಂಗೆ 3, ಮಸಾಲೆಯ ಎಣ್ಣೆ ತೆಂಗಿನಕಾಯಿ ಬೇರೆ. ಮೊಸರು 100 ಗ್ರಾಂ 1. ತೆಂಗಿನಕಾಯಿ ತುರಿ 2 ದೊಡ್ಡ ಚಮಚ 1. ಕಡಲೆಬೀಜ ಒಂದು ಹಿಡಿ, ಅಂದರೆ 30 ಗ್ರಾಂ, ಮೂರೂವರೆ. ಕಡಲೆಬೀಜ ಒಳ್ಳೆಯದೇ, ಆದರೆ ಟಿವಿ ಮುಂದೆ ಡಬ್ಬ ಇಟ್ಟುಕೊಂಡು ತಿನ್ನುವ ಪದಾರ್ಥ ಅಲ್ಲ. ಮಾಮೂಲಿ ಕಾಫಿ ಒಂದೂವರೆ, ನಿಪ್ಪಟ್ಟು 2, ಮೈಸೂರು ಪಾಕ್ ಒಂದು ತುಂಡು 4ರಿಂದ 5, ಹೋಳಿಗೆ 5, ಮೇಲೆ ಬೀಳುವ ತುಪ್ಪಕ್ಕೆ ಚಮಚಕ್ಕೆ 1.

ಎಲ್ಲರಿಗೂ ಸೇರಿ ಮಾಡಿದ ಹುಳಿಗೆ ಲೆಕ್ಕ ಹೇಗೆ? ಪಾತ್ರೆಗೆ ಹೋದದ್ದನ್ನು ಕೂಡಿಸಿ ಸೌಟಿನಿಂದ ಭಾಗಿಸಿ. 150 ಗ್ರಾಂ ತೊಗರಿಬೇಳೆ 10 ಪಾಯಿಂಟ್, ಅರ್ಧ ಬಟ್ಟಲು ಕಾಯಿತುರಿ 3, ಒಗ್ಗರಣೆಗೆ 3 ಚಮಚ ಎಣ್ಣೆ 3, ಒಟ್ಟು 16. ಬೀನ್ಸ್, ಕ್ಯಾರೆಟ್, ನುಗ್ಗೆಕಾಯಿಗೆ ಏನೂ ಇಲ್ಲ. ನಮ್ಮ ಪಾತ್ರೆಗೆ ಇದು 14 ಸೌಟು ಆಗುತ್ತದೆ. ಅಂದರೆ ಸೌಟಿಗೆ 1ಕ್ಕಿಂತ ಒಂಚೂರು ಜಾಸ್ತಿ. ಒಂದು ಸಲ ಲೆಕ್ಕ ಹಾಕಿದರೆ ವರ್ಷಪೂರ್ತಿ ಅದೇ ನಡೆಯುತ್ತದೆ, ನಾವು ಮಾಡುವ ಸಾರು ಹುಳಿ ಎಣಿಸಿದರೆ ಎಷ್ಟು ಬಗೆ ಇರುತ್ತದೆ ಹೇಳಿ, ಒಂದು ಹತ್ತು ಹನ್ನೆರಡು.

ಎಣ್ಣೆಯ ವಿಷಯ ಬೇರೆಯಾಗಿಯೇ ಹೇಳಬೇಕು

ಒಂದು ಟೀ ಚಮಚ, ಅಂದರೆ 5 ಎಂ.ಎಲ್. ಎಣ್ಣೆಗೆ 1 ಪಾಯಿಂಟ್. ಯಾವ ಎಣ್ಣೆ ಆದರೂ ಅಷ್ಟೇ, ಗಾಣದ ಎಣ್ಣೆಗೂ ರಿಯಾಯಿತಿ ಇಲ್ಲ. ಚಮಚ ಹಿಡಿದು ಒಗ್ಗರಣೆ ಹಾಕೋರು ಯಾರಿದ್ದಾರೆ? ನಾವೆಲ್ಲ ಕ್ಯಾನಿನಿಂದ ನೇರವಾಗಿ ಬಗ್ಗಿಸೋರೇ. ಅದಕ್ಕೇ ತಿಂಗಳ ಲೆಕ್ಕ ಹಿಡಿಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಖಾಲಿಯಾಗುತ್ತಿದ್ದರೆ, 4,000 ಎಂ.ಎಲ್. ಅನ್ನು 4 ಜನಕ್ಕೂ 30 ದಿನಕ್ಕೂ ಹಂಚಿ. ತಲೆಗೆ ದಿನಕ್ಕೆ 33 ಎಂ.ಎಲ್. ಬರುತ್ತದೆ, ಆರೂವರೆ ಪಾಯಿಂಟ್ ಮೇಲೆ. ಕರಿದ ಎಣ್ಣೆಯಲ್ಲಿ ಸ್ವಲ್ಪ ಚೆಲ್ಲುತ್ತೇವೆ, ಅದನ್ನು ಕಳೆಯಿರಿ. ತುಪ್ಪ, ಕಾಯಿ, ಹೋಟೆಲಿನದು ಇದರಲ್ಲಿ ಸೇರಿಲ್ಲ.

ನಾವು 5 ಜನಕ್ಕೆ 5 ಲೀಟರ್ ತರುತ್ತಿದ್ದೆವು. ಯಾರಿಗೂ ಹೇಳದೆ ಮೂರೂವರೆಗೆ ಇಳಿಸಿದೆ. ಮಾಡಿದ್ದು ಎರಡೇ ಕೆಲಸ: ಕ್ಯಾನಿನಿಂದ ಸಣ್ಣ ಬಾಟಲಿಗೆ ವಾರಕ್ಕಿಷ್ಟು ಅಂತ ಅಳೆದು ತುಂಬಿಟ್ಟೆ, ಒಗ್ಗರಣೆ ಡಬ್ಬದಲ್ಲಿ ಒಂದು ಟೀ ಚಮಚ ಹಾಕಿಟ್ಟೆ. ದೋಸೆ ಹೆಂಚನ್ನು ಅರ್ಧ ಈರುಳ್ಳಿಯಿಂದ ಉಜ್ಜುವುದು ನಮ್ಮಜ್ಜಿಗೇ ಗೊತ್ತಿತ್ತು, ನಾವು ಸುಮ್ನೆ ಮರೆತಿದ್ದೆವು. ಎರಡು ತಿಂಗಳಾದ ಮೇಲೆ ಅತ್ತೆ ಒಂದೇ ಒಂದು ಸಲ "ಯಾಕೋ ಪಲ್ಯ ತಳ ಹಿಡೀತಿದೆ ಕಣಮ್ಮ" ಅಂದರು. ಮುಚ್ಚಳದ ಮೇಲೆ ನೀರಿಟ್ಟು ಬೇಯಿಸಿದೆ, ಸರಿಹೋಯಿತು.

ದಿನಕ್ಕೆ ಎಷ್ಟು?

ಮೊದಲ ವಾರದ ಏಳು ದಿನದ ಮೊತ್ತವನ್ನು 7ರಿಂದ ಭಾಗಿಸಿ. ನನ್ನದು 36 ಬಂತು. ಅದರಿಂದ 8 ಕಳೆಯಿರಿ, ದಿನಕ್ಕೆ 400 ಕ್ಯಾಲರಿ ಕಡಿಮೆ ಆಯಿತು, ಅಷ್ಟು ಸಾಕು. 36 ಹೋಗಿ 28 ಆಯಿತು. ಬೇಗ ಇಳಿಯಲಿ ಅಂತ 15 ಕಳೆಯೋಕೆ ಹೋಗಬೇಡಿ. ಹೆಂಗಸರು 24ಕ್ಕಿಂತ, ಗಂಡಸರು 30ಕ್ಕಿಂತ ಕೆಳಗೆ ಇಳಿಯುವುದು ಡಾಕ್ಟರ ಕಣ್ಗಾವಲಿಲ್ಲದೆ ಬೇಡವೇ ಬೇಡ.

ಇದರ ಜೊತೆ ವಾರಕ್ಕೊಂದು ಪುಡಿಗಂಟು ಇರಲಿ. ವೇಟ್ ವಾಚರ್ಸ್‌ನವರು ಒಂದು ಕಾಲದಲ್ಲಿ ವಾರಕ್ಕೆ 35 ಹೆಚ್ಚುವರಿ ಪಾಯಿಂಟ್ ಕೊಡುತ್ತಿದ್ದರು. ನಾನು 20 ಇಟ್ಟುಕೊಂಡಿದ್ದೇನೆ. ನನ್ನ ಪ್ರಕಾರ ಇಡೀ ಪದ್ಧತಿಯ ಜೀವ ಇರುವುದು ಇಲ್ಲೇ. ನಾಮಕರಣ, ಗೃಹಪ್ರವೇಶ, ಆಫೀಸಲ್ಲಿ ಯಾರದೋ ಬರ್ತ್‌ಡೇ ಕೇಕು, ಇವು ಬರುತ್ತಲೇ ಇರುತ್ತವೆ. ಗಂಟು ಇಲ್ಲದಿದ್ದರೆ ಒಂದು ಹೋಳಿಗೆ ತಿಂದ ಕೂಡಲೇ "ಹೇಗೂ ಕೆಟ್ಟಿತಲ್ಲ" ಅಂತ ಇನ್ನೂ ಮೂರು ತಿನ್ನುತ್ತೇವೆ. ಗಂಟು ಇದ್ದರೆ ತಿಂದದ್ದು ಬರೀ ಖರ್ಚು, ತಪ್ಪಲ್ಲ.

ಸೊನ್ನೆ ಪಾಯಿಂಟಿನ ಪದಾರ್ಥಗಳೂ ಬೇಕು, ಹಸಿವಾದಾಗ ಓಡಿಹೋಗೋಕೆ ಒಂದು ಜಾಗ. ಎಲ್ಲ ಸೊಪ್ಪು, ಸೌತೆಕಾಯಿ, ಹೀರೆಕಾಯಿ, ಸೋರೆಕಾಯಿ, ಬದನೆ, ಮೂಲಂಗಿ, ಟೊಮೆಟೊ, ಬೇಳೆ ಇಲ್ಲದ ತಿಳಿಸಾರು, ಬೆಣ್ಣೆ ತೆಗೆದ ನೀರು ಮಜ್ಜಿಗೆ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆ ಇದರಲ್ಲಿ ಇಲ್ಲ. ಹಣ್ಣಿಗೆ ನನ್ನದೇ ಒಂದು ಕಾನೂನು: ದಿನದ ಮೊದಲ ಹಣ್ಣು ಸೊನ್ನೆ, ಆಮೇಲೆ ಬಂದದ್ದಕ್ಕೆ 1. ಮಾವಿಗೆ ಈ ಕಾನೂನು ನಡೆಯಲ್ಲ, ಒಂದು ಬಾದಾಮಿ ಹಣ್ಣಿಗೆ 2 ಕಟ್ಟಲೇಬೇಕು. ಮೇ ತಿಂಗಳಲ್ಲಿ ನನ್ನ ಪುಡಿಗಂಟು ಪೂರ್ತಿ ಮಾವಿಗೇ ಹೋಯಿತು, ಬೇಜಾರಿಲ್ಲ.

ಇನ್ನೊಂದು ಸಣ್ಣ ರಿಯಾಯಿತಿ ಕಾಳಿಗೆ. ಹುರುಳಿ, ಹೆಸರು, ಅಲಸಂದೆ, ಬೇಯಿಸಿದ ಒಂದು ಬಟ್ಟಲಿಗೆ ಲೆಕ್ಕದಲ್ಲಿ 3 ಬಂದರೆ ನಾನು 2 ಅಂತ ಬರೆಯುತ್ತೇನೆ. ಬೇಕಂತಲೇ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಪ್ರೋಟೀನ್ ಕಡಿಮೆಯಾದರೆ ಜಾಸ್ತಿ ಕರಗುತ್ತದೆ, ನಮ್ಮ ತಟ್ಟೆಯಲ್ಲಿ ಅದು ಮೊದಲೇ ಕಡಿಮೆ. ಕಾಳು ಅಗ್ಗವಾಗಿ ಕಂಡರೆ ಕೈ ಅಲ್ಲಿಗೇ ಹೋಗುತ್ತದೆ, ಅಲ್ವಾ?

ನನ್ನ ಒಂದು ದಿನ ಹೀಗಿರುತ್ತದೆ. ಬೆಳಗ್ಗೆ 3 ಇಡ್ಲಿ, ಒಂದು ಸೌಟು ಸಾಂಬಾರು, ಸ್ವಲ್ಪ ಕಾಯಿ ಚಟ್ನಿ, ಕಾಫಿ, ಎಲ್ಲ ಸೇರಿ ಆರೂವರೆ. ಮಧ್ಯಾಹ್ನದ ಡಬ್ಬಿಗೆ ಎಣ್ಣೆ ಇಲ್ಲದ 2 ಚಪಾತಿ, ಬೀನ್ಸ್ ಪಲ್ಯ, ಕೋಸಂಬರಿ, ಒಂದು ಬಟ್ಟಲು ಮೊಸರು, ಅಲ್ಲಿಗೆ 7. ಸಂಜೆ ಕಾಫಿ ಮತ್ತು ಒಂದು ಹಿಡಿ ಹುರಿಗಡಲೆ ಮೂರೂವರೆ. ರಾತ್ರಿ ಮುದ್ದೆ, ಸೊಪ್ಪಿನ ಸಾರು, ಒಂದು ಮೊಟ್ಟೆ, ಅರ್ಧ ಸೌಟು ಅನ್ನಕ್ಕೆ ಮಜ್ಜಿಗೆ, 9. ಒಟ್ಟು 26. ಉಳಿದ 2 ಪಾಯಿಂಟ್ ಬರೆಯಲು ಮರೆತದ್ದಕ್ಕೆ, ದಿನಾ ಏನಾದರೂ ಮರೆತೇ ಇರುತ್ತೇನೆ. ಸಂಜೆ 5ರ ಹುರಿಗಡಲೆ ತಪ್ಪಿದ ದಿನ ರಾತ್ರಿ ಊಟ 13 ದಾಟುತ್ತದೆ, ಇದು ಪುಸ್ತಕ ನೋಡಿ ಗೊತ್ತಾದದ್ದು.

ಬಡಿಸುವ ಕೈಗಳು

ಲೆಕ್ಕಕ್ಕಿಂತ ಕಷ್ಟ ಇದು. ಮೊದಲ ದಿನ ಒಂದು ಸೌಟು ಅನ್ನ ಹಾಕಿಕೊಂಡಾಗ ಅತ್ತೆ, "ಏನಮ್ಮ ಇದು, ಗುಬ್ಬಚ್ಚಿಗೆ ಹಾಕಿದ ಹಾಗೆ" ಅಂತ ಇನ್ನೊಂದು ಸೌಟು ಸುರಿದೇಬಿಟ್ಟರು. ಅವರಿಗೆ ಅದು ಪ್ರೀತಿ, ಬೇಡ ಅಂದರೆ ಬೇಜಾರು. ಎರಡು ವಾರ ಗುದ್ದಾಡಿ ಕೊನೆಗೆ ಉಪಾಯ ಬದಲಿಸಿದೆ, ತಟ್ಟೆಯನ್ನು ಖಾಲಿ ಇಡಲಿಲ್ಲ. ಮೊದಲು ಸೊಪ್ಪಿನ ಪಲ್ಯ, ಕೋಸಂಬರಿ ಬಡಿಸಿಕೊಂಡು ಅರ್ಧ ತಟ್ಟೆ ತುಂಬಿಸಿ, ಉಳಿದ ಜಾಗದಲ್ಲಿ ಮುದ್ದೆ ಅನ್ನ. "ಅತ್ತೆ, ಸೊಪ್ಪು ಇನ್ನೊಂಚೂರು ಹಾಕಿ" ಅಂತ ನಾನೇ ಕೇಳುತ್ತೇನೆ. ಅವರ ಕೈಗೂ ಕೆಲಸ, ನನಗೂ ಸೊನ್ನೆ ಪಾಯಿಂಟು.

ಮದುವೆ ಮನೆಯಲ್ಲಿ ಬಾಳೆ ಎಲೆ ಮುಂದೆ ಕೂತಾಗ ಮೊದಲು ಒಂದು ಸಿಹಿ ಆರಿಸಿಕೊಳ್ಳಿ, ಒಂದೇ. ನನಗೆ ಹೋಳಿಗೆ ಇಷ್ಟ, ಹಾಗಾಗಿ ಲಾಡು, ಜಿಲೇಬಿ ಬಂದಾಗ ಎಲೆಗೆ ಕೈ ಅಡ್ಡ ಇಡುತ್ತೇನೆ. ಬಾಯಲ್ಲಿ ಬೇಡ ಅಂದರೆ ಬಡಿಸುವವರು ಕೇಳಲ್ಲ, ಕೈ ಅಡ್ಡ ಬಂದರೆ ಮುಂದೆ ಹೋಗುತ್ತಾರೆ. ಪುಳಿಯೋಗರೆಯೋ ಚಿತ್ರಾನ್ನವೋ ಒಂದು ತುತ್ತು, ಬೋಂಡ ಬೇಡ, ತಿಳಿಸಾರು ಎಷ್ಟು ಬೇಕಾದರೂ. ಹೀಗೆ ತಿಂದರೆ 16-18ಕ್ಕೆ ಊಟ ಮುಗಿಯುತ್ತದೆ. ಮರುದಿನ ಉಪವಾಸ ಮಾಡಬೇಡಿ, ಮಾಮೂಲಿ 28ಕ್ಕೆ ವಾಪಸ್ ಬನ್ನಿ.

ತಕ್ಕಡಿ ನೋಡಿ ಗಾಬರಿ ಆಗಬೇಡಿ

ವಾರಕ್ಕೊಂದು ಸಲ, ಒಂದೇ ದಿನ, ಬೆಳಗ್ಗೆ ಹೊಟ್ಟೆ ಖಾಲಿ ಇದ್ದಾಗ ತೂಗಿ. ಪಾಯಿಂಟ್ ಕಡಿಮೆ ಮಾಡಿದ ಮೊದಲ ವಾರ ಒಂದೂವರೆ ಕೆ.ಜಿ. ಇಳಿದರೆ ಕುಣಿಯಬೇಡಿ, ಅದರಲ್ಲಿ ನೀರೇ ಜಾಸ್ತಿ. ಮದುವೆ ಊಟದ ಮರುದಿನ 1 ಕೆ.ಜಿ. ಏರಿದರೆ ಅಳಬೇಡಿ, ಅದೂ ಉಪ್ಪು ಹಿಡಿದಿಟ್ಟ ನೀರು. 1 ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ, ನಮ್ಮ ಲೆಕ್ಕದಲ್ಲಿ 150 ಪಾಯಿಂಟ್ ಮೇಲೆ. ದಿನದ ಊಟದ ಮೇಲೆ 30 ಹೋಳಿಗೆ ತಿಂದಿದ್ದರೆ ಮಾತ್ರ ಅದು ಕೊಬ್ಬು. ಮುಟ್ಟಿನ ದಿನಗಳ ಹಿಂದೆ ಮುಂದೆಯೂ ತಕ್ಕಡಿ ಸುಳ್ಳು ಹೇಳುತ್ತದೆ, ಹಾಗಾಗಿ ಹೆಂಗಸರು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿ ನೋಡುವುದು ಒಳ್ಳೆಯದು. ವಾರಕ್ಕೆ ಕಾಲು ಕೆ.ಜಿ. ಇಳಿದರೂ ದಾರಿ ಸರಿ ಇದೆ.

ಜೊತೆಗೆ ಒಂದು ಟೇಪು. ನಮ್ಮ ದೇಶದವರಿಗೆ ಹೊಟ್ಟೆಯ ಬೊಜ್ಜೇ ಜಾಸ್ತಿ ತೊಂದರೆ, ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಅಂತ ಇಲ್ಲಿಯ ಡಾಕ್ಟರುಗಳ ಅಳತೆ. ತಕ್ಕಡಿ ಅಲ್ಲಾಡದ ತಿಂಗಳಲ್ಲಿ ಟೇಪು 2 ಸೆಂಟಿಮೀಟರ್ ಇಳಿದು ನನ್ನ ಮಾನ ಕಾಪಾಡಿದೆ.

ನಡಿಗೆಗೆ ನಾನು ಪಾಯಿಂಟ್ ವಾಪಸ್ ಕೊಡುವುದಿಲ್ಲ. ಅರ್ಧ ಗಂಟೆ ನಡೆದರೆ ಹೋಗುವುದು ಎರಡು, ಎರಡೂವರೆ ಪಾಯಿಂಟ್, ಒಂದು ನಿಪ್ಪಟ್ಟು. ನಮ್ಮ ಯಜಮಾನ್ರು ಪಾರ್ಕಿನಲ್ಲಿ 3 ಸುತ್ತು ಹಾಕಿ ಹೊರಗೆ ಬಂದು ಒಂದು ಪ್ಲೇಟ್ ಬೋಂಡ ತಿನ್ನುತ್ತಾರೆ. ನಡೆಯಿರಿ, ಮೊಣಕಾಲಿಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು, ಲೆಕ್ಕ ಮಾತ್ರ ಬೇರೆ ಇರಲಿ.

ಕೆಲವರು ಇದಕ್ಕೆ ಕೈ ಹಾಕಬಾರದು. ಬಸುರಿ ಬಾಣಂತಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ತಗೊಳ್ಳೋರು ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಊಟ ಇಳಿದು ಮಾತ್ರೆ ಅಷ್ಟೇ ಇದ್ದರೆ ಶುಗರ್ ತೀರಾ ಕೆಳಗೆ ಬೀಳುತ್ತದೆ. ನಮ್ಮ ಅತ್ತೆಗೆ ಶುಗರ್ ಇದೆ, ಅದಕ್ಕೇ ಅವರನ್ನು ಈ ಲೆಕ್ಕಕ್ಕೆ ಎಳೆದಿಲ್ಲ. ಎಣಿಸುವುದೇ ಚಿಂತೆಯಾಗಿ, ತಿಂದ ಮೇಲೆ ಅಪರಾಧ ಮಾಡಿದ ಹಾಗೆ ಅನ್ನಿಸಲು ಶುರುವಾದರೆ ಪುಸ್ತಕ ಮುಚ್ಚಿಟ್ಟು ಯಾರ ಹತ್ತಿರವಾದರೂ ಮಾತಾಡಿ.

ಕೆಲವು ತಿಂಗಳಾದ ಮೇಲೆ ತೂಕ ನಿಂತುಬಿಡುತ್ತದೆ, ಹೆಚ್ಚಿನವರಿಗೆ. ನನಗೆ 73ರಲ್ಲಿ 6 ವಾರ ನಿಂತಿತ್ತು. ಎರಡು ಕಾರಣ ಇರುತ್ತವೆ. ಮೈ ಹಗುರಾದರೆ ಅದಕ್ಕೆ ಬೇಕಾಗುವ ಊಟವೂ ಕಡಿಮೆ, ಹಾಗಾಗಿ 5 ಕೆ.ಜಿ. ಇಳಿದಾಗ ದಿನದ ಲೆಕ್ಕದಿಂದ 1 ತೆಗೆಯಿರಿ. ಎರಡನೆಯದು, ಕಣ್ಣಳತೆ ಧಾರಾಳವಾಗುತ್ತದೆ. ನಾನು ಒಂದು ಭಾನುವಾರ ಮತ್ತೆ ತಕ್ಕಡಿ ತೆಗೆದು ನೋಡಿದರೆ ನನ್ನ "ಒಂದು ಸೌಟು" ಗೋಪುರ ಕಟ್ಟಿ 140 ಗ್ರಾಂ ಆಗಿತ್ತು!

ಬೇಕಾದ ತೂಕಕ್ಕೆ ಬಂದ ಮೇಲೆ ಒಂದೇ ಸಲ ಹಳೇ ಊಟಕ್ಕೆ ಹಾರಬೇಡಿ. ವಾರಕ್ಕೆ 1 ಪಾಯಿಂಟ್ ಸೇರಿಸುತ್ತಾ ಹೋಗಿ, ತಕ್ಕಡಿ ಎಲ್ಲಿ ಅಲ್ಲಾಡದೆ ನಿಲ್ಲುತ್ತದೋ ಅದೇ ನಿಮ್ಮ ಕಾಯಂ ಲೆಕ್ಕ. ನಾನಿನ್ನೂ ಅಲ್ಲಿಗೆ ಮುಟ್ಟಿಲ್ಲ, 65ಕ್ಕೆ ನಿಲ್ಲಿಸೋಣ ಅಂತಿದ್ದೇನೆ. ಈ ಶನಿವಾರ ತಂಗಿ ಮನೆಯಲ್ಲಿ ಗೃಹಪ್ರವೇಶ. ಗಂಟಿನಲ್ಲಿ 11 ಉಳಿದಿದೆ, ಅಂದರೆ 2 ಹೋಳಿಗೆ ಮತ್ತು ಒಂದು ಚಮಚ ತುಪ್ಪ.